ಒಂಬತ್ತು ಅಡಿಯ ರಾಡು

ನವೆಂಬರಿನ ಎರಡನೇ ಭಾನುವಾರ ಬೆಳಿಗ್ಗೆ ಎಂಟೂವರೆ ಹೊತ್ತಿಗೆ, ಸಾಗರಕಟ್ಟೆಯ ಹಿನ್ನೀರಿನ ದಡದಲ್ಲಿ ಮಹೇಂದ್ರನ ಗಾಳದ ರಾಡು ಮುರಿಯಿತು. ಮೀನು ಎಳೆದು ಮುರಿದಿದ್ದರೆ ಹೇಳಿಕೊಳ್ಳಲು ಒಂದು ಕತೆಯಾದರೂ ಇರುತ್ತಿತ್ತು. ಎಸೆಯುವಾಗಲೇ ಮುರಿಯಿತು. ತಲೆಯ ಹಿಂದಕ್ಕೆ ಒಯ್ದು ಜೋರಾಗಿ ಮುಂದಕ್ಕೆ ಬೀಸಿದ್ದ, ಅಷ್ಟೇ. ಕಬ್ಬಿನ ಜಲ್ಲೆ ಮುರಿದ ಹಾಗೆ ಲಟ್ಟೆಂದಿತು. ತುದಿಯ ಅರ್ಧ ದಾರದ ಗುಂಟ ಜಾರಿಕೊಂಡು ನೀರಿಗೆ ಹೋಯಿತು, ಬುಡದ ಅರ್ಧ ಕೈಯಲ್ಲಿ ಉಳಿಯಿತು.

ಅವನು ಎಡಗಡೆ ತಿರುಗಿ ನೋಡಿದ. ಅಲ್ಲಿ ಹುಲ್ಲಿತ್ತು, ಅದರಾಚೆ ಒಂದು ಜಾಲಿಮರ, ಮರದ ಕೆಳಗೆ ಅವನದೇ ಬೈಕು. ನಗುವುದಕ್ಕೂ ಬಯ್ಯುವುದಕ್ಕೂ ಯಾರೂ ಇರಲಿಲ್ಲ. ರೀಲನ್ನು ನಿಧಾನವಾಗಿ ಸುತ್ತಿ, ಮುರಿದ ತುದಿಯನ್ನೂ ಗಾಳ ಕಟ್ಟಿದ ಮರದ ಮೀನನ್ನೂ ದಡಕ್ಕೆ ಎಳೆದುಕೊಂಡ. ಮರದ ಮೀನಿಗೆ ಏನೂ ಆಗಿರಲಿಲ್ಲ.

ಮಹೇಂದ್ರನಿಗೆ ನಲವತ್ತೇಳು ವರ್ಷ. ಬಿಳಿಕೆರೆಯಿಂದ ಒಳಕ್ಕೆ ಮೂರು ಕಿಲೋಮೀಟರಿನ ಹಳ್ಳಿ. ಮೂರು ಎಕರೆ ಹೊಗೆಸೊಪ್ಪು, ಒಂದಿಷ್ಟು ರಾಗಿ, ಸೊಪ್ಪು ಬೇಯಿಸಲು ಮನೆಯ ಹಿಂದೆ ಸ್ವಂತ ಬ್ಯಾರನ್ನು. ಬ್ಯಾರನ್ನಿನ ಅಟ್ಟಕ್ಕೆ ಇಪ್ಪತ್ತು ವರ್ಷ ಸೊಪ್ಪಿನ ಕಡ್ಡಿಗಳನ್ನು ಎತ್ತಿ ಕೊಟ್ಟು ಕೊಟ್ಟು ಬಲಭುಜ ಸವೆದಿತ್ತು. ಕೈ ಕಿವಿಯ ಮಟ್ಟ ದಾಟಿದರೆ ಒಳಗೆ ಏನೋ ಕಟಕ್ಕೆಂದು ಹಿಡಿದುಕೊಳ್ಳುತ್ತಿತ್ತು. ಸೊಪ್ಪಿನ ಕೆಲಸ ಮುಗಿದ ಮೇಲೆ, ನವೆಂಬರಿನಿಂದ ಫೆಬ್ರವರಿಯವರೆಗೆ, ಭಾನುವಾರಗಳು ಅವನವು. ಮೀನುಗಾರಿಕೆ ಇಲಾಖೆಯಲ್ಲಿ ಪಾಸು ಮಾಡಿಸಿಕೊಂಡು ಬಾಳೆಮೀನಿಗೆ ಹೋಗುತ್ತಿದ್ದ.

ಬಾಳೆಮೀನಿಗೆ ಪೊರೆಯಿಲ್ಲ. ಮೈ ಕತ್ತಿಯಂತೆ ಚಪ್ಪಟೆ, ಬಾಯಿ ಕಣ್ಣು ದಾಟಿ ಹಿಂದಕ್ಕೆ ಹರಿದಿರುತ್ತದೆ, ಅದರ ತುಂಬ ಅರದಂಥ ಸಣ್ಣ ಹಲ್ಲು. ದೊಡ್ಡದು ಒಬ್ಬ ಆಳಿನ ಸೊಂಟದವರೆಗೆ ಬರುತ್ತದೆ. ಎರೆಹುಳುವಿನತ್ತ, ಹಿಟ್ಟಿನತ್ತ ಅಂಥದ್ದು ತಿರುಗಿಯೂ ನೋಡುವುದಿಲ್ಲ. ಅದಕ್ಕೆ ಬೇಕಾದದ್ದು ಓಡುವ ಮೀನು. ಹಾಗಾಗಿ ಗೇಣುದ್ದದ ಮರದ ಮೀನನ್ನು ಎಸೆದು ಜೀವವಿರುವಂತೆ ಎಳೆದು ತರಬೇಕು. ಎಸೆಯಬೇಕು, ಎಳೆಯಬೇಕು, ಮತ್ತೆ ಎಸೆಯಬೇಕು. ಬೆಳಗಿನಿಂದ ನೂರು ಸಲ ಎಸೆದರೂ ಒಂದೂ ಮುಟ್ಟದ ದಿನಗಳೇ ಹೆಚ್ಚು.

ಆ ಮರದ ಮೀನುಗಳನ್ನು ಮಾಡಿಕೊಟ್ಟವನು ಕಂಪಲಾಪುರದ ಸೋಮಶೇಖರ್. ಹೆದ್ದಾರಿಯ ಬದಿಯಲ್ಲಿ ಅವನ ಬೈಕ್ ಬಿಡಿಭಾಗಗಳ ಅಂಗಡಿ. ಹದಿನಾಲ್ಕು ವರ್ಷದ ಹಿಂದೆ ಮಹೇಂದ್ರ ಕ್ಲಚ್ ಕೇಬಲ್ ಕಿತ್ತುಹೋಗಿ ಆ ಅಂಗಡಿಯ ಮುಂದೆ ಗಾಡಿ ತಳ್ಳಿಕೊಂಡು ಬಂದಿದ್ದ. ಸೋಮಶೇಖರ್ ಕೇಬಲ್ಲು ಹಾಕುವುದು ಬಿಟ್ಟು, ಚೀಲದಿಂದ ಇಣುಕುತ್ತಿದ್ದ ರೀಲನ್ನು ನೋಡಿದ. "ಇದರೊಳಗೆ ಹಲ್ಲುಚಕ್ರ ಐತಾ?" ಎಂದು ಕೇಳಿದ. ಹತ್ತು ನಿಮಿಷದಲ್ಲಿ ರೀಲು ಕೌಂಟರಿನ ಮೇಲೆ ಹನ್ನೆರಡು ತುಂಡಾಗಿ ಬಿದ್ದಿತ್ತು. ಮತ್ತೆ ಹತ್ತು ನಿಮಿಷದಲ್ಲಿ ಮೊದಲಿಗಿಂತ ನುಣ್ಣಗೆ ತಿರುಗುತ್ತಿತ್ತು. ಮುಂದಿನ ಭಾನುವಾರ, ಅದು ನೀರಿನಲ್ಲಿ ಹೇಗೆ ಕೆಲಸ ಮಾಡುತ್ತದೆಂದು ನೋಡಲು ಅವನೂ ಬಂದ. ಆಮೇಲೆ ಹನ್ನೆರಡು ವರ್ಷ ಬರುತ್ತಲೇ ಇದ್ದ.

ಸೋಮಶೇಖರನದು ಲಿಂಗಾಯತರ ಮನೆ. ಮೀನು ಮುಟ್ಟುವವನಲ್ಲ. ಬುತ್ತಿಯನ್ನೂ ಬೇರೆ ಮರದ ಕೆಳಗೆ ಬಿಚ್ಚುತ್ತಿದ್ದ. ಆದರೆ ಎಂಥ ಮರ ಹಗುರ, ಎಲ್ಲಿ ಸೀಸ ಇಟ್ಟರೆ ಮೂಗು ತಗ್ಗುತ್ತದೆ ಎಂಬುದರಲ್ಲಿ ಅವನಿಗೆ ಹುಚ್ಚು ಹಿಡಿದಿತ್ತು. ಬೂರುಗದ ಮರ ಕೆತ್ತಿ, ಒಳಗೆ ಸೈಕಲ್ ಚಕ್ರದ ಕಡ್ಡಿ ಹಾಯಿಸಿ, ಹೊಟ್ಟೆಗೆ ಸೀಸ ತುಂಬಿ, ಬೈಕಿನ ಬಣ್ಣ ಹೊಡೆದು ಜಿಲೇಬಿ ಮೀನಿನ ಹಾಗೆಯೇ ಮಾಡುತ್ತಿದ್ದ. ವರ್ಷ ಕಳೆದಂತೆ ಅವು ದೊಡ್ಡದಾಗುತ್ತ ಹೋದವು. ಇಬ್ಬರೂ ಅವನ್ನು ಮರಮೀನು ಎಂದೇ ಕರೆಯುತ್ತಿದ್ದರು. ಎಸೆಯುವವನು ಮಹೇಂದ್ರ. ಮೀನು ದಡಕ್ಕೆ ಬಂದಾಗ ಮಂಡಿಯ ನೀರಿಗಿಳಿದು ಕೈಬಲೆ ಒಡ್ಡುವವನು ಸೋಮಶೇಖರ್. ಹನ್ನೆರಡು ವರ್ಷದಲ್ಲಿ ಮಹೇಂದ್ರ ಕೈಬಲೆ ಮುಟ್ಟಿದ್ದೇ ಇಲ್ಲ.

ಎರಡು ವರ್ಷದ ಹಿಂದಿನ ಜನವರಿಯಲ್ಲಿ ಒಂದು ಬೆಳಿಗ್ಗೆ ಅದೆಲ್ಲ ಮುಗಿಯಿತು. ಅಂದು ಹಿಡಿದ ಬಾಳೆಯಂಥದನ್ನು ಮಹೇಂದ್ರ ಹಿಂದೆ ಕಂಡಿರಲಿಲ್ಲ, ಮುಂದೆಯೂ ಕಂಡಿಲ್ಲ. ಇಪ್ಪತ್ತು ನಿಮಿಷ ಎಳೆದಾಡಿ ದಡಕ್ಕೆ ತಂದ. ಮೀನು ಎಡಗಡೆ ಹೊರಳಿತು. "ಎಡಕ್ಕೆ, ಎಡಕ್ಕಣ್ಣ!" ಎಂದು ಕೂಗಿದ. ಸೋಮಶೇಖರ್ ಬಲೆಯನ್ನು ನೇರಕ್ಕೆ ಒಡ್ಡಿದ. ಬಲೆಯ ಬಳೆ ದಾರಕ್ಕೆ ಬಡಿಯಿತು, ಗಾಳ ಕಳಚಿತು. ಮೀನು ಒಂದು ಕ್ಷಣ ಅಲ್ಲೇ ಮಂಕಾಗಿ ನಿಂತಿತ್ತು, ಆಮೇಲೆ ಬಾಲ ಬೀಸಿ ಹೋಯಿತು.

ಮಹೇಂದ್ರನ ಬಾಯಿಂದ ಮಾತು ಬಂದುಬಿಟ್ಟಿತು. "ಕಣ್ಣೆಲ್ಲಿಟ್ಟಿದ್ಯೋ? ಮೀನ್ ತಿನ್ನದೋನ್ನ ಕಟ್ಕೊಂಡು ಮೀನ್ ಇಡಿಯಾಕೆ ಬಂದ್ನಲ್ಲ, ನನ್ನ ಬುದ್ಧಿಗೆ ಒಡೀಬೇಕು."

ಸೋಮಣ್ಣ ಎಂದೇ ಕರೆಯುತ್ತಿದ್ದವನನ್ನು ಹನ್ನೆರಡು ವರ್ಷದಲ್ಲಿ ಅವನು ಹಾಗೆ, ಅಣ್ಣ ಎನ್ನದೆ, ಬಯ್ದದ್ದು ಅದೇ ಮೊದಲು. ಸೋಮಶೇಖರ್ ದಡ ಹತ್ತಿದ. ಬಲೆಯನ್ನು ತೊಳೆದು, ಮಡಿಸಿ, ಮಹೇಂದ್ರನ ಚೀಲಕ್ಕೆ ಹಾಕಿದ. ಅದರ ಹಿಂದಿನ ನವೆಂಬರಿನಿಂದಲೇ ಅವನು ತನ್ನ ಬೈಕು ತರುವುದು ಬಿಟ್ಟು ಬಿಳಿಕೆರೆಯವರೆಗೆ ಬಸ್ಸಿನಲ್ಲಿ ಬರುತ್ತಿದ್ದ. ಅಲ್ಲಿಂದ ಮಹೇಂದ್ರನ ಹಿಂದೆ ಕೂರುತ್ತಿದ್ದ. ಅವತ್ತೂ ಹಿಂದೆ ಕೂತು ಬಂದ, ಬಿಳಿಕೆರೆಯಲ್ಲಿ ಇಳಿದ, ಹುಣಸೂರಿನ ಬಸ್ಸು ಹತ್ತಿದ. ಮುಂದಿನ ಭಾನುವಾರ ಮಹೇಂದ್ರ ಬಸ್ ನಿಲ್ದಾಣದಲ್ಲಿ ಎರಡು ಬಸ್ಸು ಬಂದು ಹೋಗುವ ತನಕ ಕಾದ. ಅದಾದ ಮೇಲೆ ಕಾಯಲಿಲ್ಲ. ಫೋನೂ ಮಾಡಲಿಲ್ಲ. ಮೊದಲ ವಾರ ಸಿಟ್ಟಿನಿಂದ, ಆಮೇಲೆ ನಾಚಿಕೆಯಿಂದ, ಆಮೇಲೆ ಇಷ್ಟು ತಡವಾಯಿತಲ್ಲ ಎಂಬ ಕಾರಣಕ್ಕೆ. ಒಬ್ಬನೇ ಹೋಗಿಬರುತ್ತಿದ್ದ ಆ ಎರಡು ವರ್ಷದಲ್ಲಿ ಬಲೆ ಒಡ್ಡಬೇಕಾದಷ್ಟು ದೊಡ್ಡದು ಒಂದೂ ಬೀಳಲಿಲ್ಲ.

ರಾಡು ಮುರಿದ ಮಾರನೇ ದಿನ ಮಹೇಂದ್ರ ಹುಣಸೂರಿಗೆ ಹೋದ. ಹಳೇ ಬಸ್ ಸ್ಟ್ಯಾಂಡಿನ ಹಿಂದೆ ಚೇತನ್‌ಕುಮಾರ್ ಎಂಬವನ ಅಕ್ವೇರಿಯಂ ಅಂಗಡಿ. ಮುಂದೆ ಬಣ್ಣದ ಮೀನಿನ ಗಾಜಿನ ತೊಟ್ಟಿಗಳು, ಒಳಗಿನ ಗೋಡೆಗೆ ಸಾಲಾಗಿ ರಾಡುಗಳು. ಚೇತನ್ ಮುರಿದ ರಾಡನ್ನು ತಿರುಗಿಸಿ ನೋಡಿದ, ಮರಮೀನನ್ನು ಮೀನಿನ ಆಹಾರ ತೂಗುವ ಪುಟ್ಟ ತಕ್ಕಡಿಯ ಮೇಲಿಟ್ಟ.

"ನೂರಾ ನಲವತ್ತೆರಡು ಗ್ರಾಂ ಐತೆ ಅಣ್ಣ! ನಿಮ್ಮ ರಾಡ್ ಬುಡದಲ್ಲಿ ಏನ್ ಬರ್ದವ್ರೆ ನೋಡುದ್ರಾ? ಅರವತ್ತು ಗ್ರಾಂ. ಇಷ್ಟ್ ದಿನ ತಡ್ಕೊಂಡಿದ್ದೇ ಹೆಚ್ಚು." ಆಮೇಲೆ ಮರಮೀನನ್ನು ಬೆಳಕಿಗೆ ಹಿಡಿದ. "ಯಾರ್ ಮಾಡಿದ್ದಿದು? ಅಂಗಡೀದಲ್ಲ."

"ನಮ್ಮೋರೊಬ್ರು," ಎಂದ ಮಹೇಂದ್ರ.

ಚೇತನ್ ಎರಡು ರಾಡು ಇಳಿಸಿದ. ಎರಡೂ ಕರಿಬಣ್ಣದವು, ಎರಡೂ ಇನ್ನೂರು ಗ್ರಾಂ ತನಕ ಎಸೆಯಬಲ್ಲವು, ಎರಡರ ಬುಡವೂ ಹೆಬ್ಬೆರಳಿನಷ್ಟು ದಪ್ಪ. ಒಂದು ಏಳೂವರೆ ಅಡಿ, ಇನ್ನೊಂದು ಒಂಬತ್ತು ಅಡಿ. ನೀರು ತುಂಬಿದ ಪುಟ್ಟ ಬಾಟಲಿಯನ್ನು ಒಂದೊಂದರ ತುದಿಗೂ ಕಟ್ಟಿ ಮಹೇಂದ್ರನ ಕೈಗೆ ಕೊಟ್ಟು, "ಬೀಸ್ದಂಗ್ ಮಾಡಿ" ಎಂದ. ಗಿಡ್ಡದ್ದನ್ನು ತಲೆಯ ಮೇಲಿಂದ ತಂದಾಗ ಭುಜ ಹಿಡಿದುಕೊಂಡಿತು. ಮಹೇಂದ್ರ ತುಟಿ ಕಚ್ಚಿದ್ದನ್ನು ಚೇತನ್ ನೋಡಿದ. ಉದ್ದದ್ದರಲ್ಲಿ ಏನೂ ಆಗಲಿಲ್ಲ. ಕೈ ಅಷ್ಟು ಮೇಲೆ ಹೋಗಬೇಕಾಗಿಯೇ ಇರಲಿಲ್ಲ.

"ಉದ್ದ ಇದ್ರೆ ರಾಡೇ ಕೆಲ್ಸ ಮಾಡ್ತದೆ, ನಿಮ್ಮ ಭುಜಕ್ಕೆ ಬೀಳಲ್ಲ," ಎಂದ ಚೇತನ್. "ಇನ್ನೊಂದು ಅನುಕೂಲ ಏನಂದ್ರೆ, ದಡದತ್ರ ಬಂದ ಮ್ಯಾಲೆ ಈ ಮರದ್ ಮೀನನ್ನ ನೀರಲ್ಲೇ ದೊಡ್ಡದಾಗಿ ಸುತ್ತುಸ್ಬೋದು. ಇಂದೆ ಇಂದೆ ಬಂದಿರೋ ಮೀನು ಅಲ್ಲೇ ಬಾಯಾಕ್ತದೆ. ಆದ್ರೆ ಒಂದು ತೊಂದ್ರೆ. ಮೀನು ಕೈಗೆ ಬಂದಾಗ ರಾಡ್ ತುದೀಲಿರ್ತದೆ, ಅಂದ್ರೆ ನಿಮ್ಮಿಂದ ಒಂಬತ್ತಡಿ ದೂರ. ಒಂದ್ ಕೈಲಿ ರಾಡು, ಇನ್ನೊಂದ್ ಕೈಲಿ ಬಲೆ, ಒಬ್ರ ಕೈಲಾಗಲ್ಲ. ಗಿಡ್ಡುದ್ರಲ್ಲಿ ಅಂಗಲ್ಲ, ಒಬ್ರೇ ಸಂಬಾಳುಸ್ಬೋದು. ನಿಮ್ ಜೊತೆ ಯಾರ್ ಬತ್ತಾರೆ?"

ಮಹೇಂದ್ರ ಗಾಜಿನ ತೊಟ್ಟಿಯ ಕಡೆ ನೋಡುತ್ತಿದ್ದ.

"ಬತ್ತಾರೆ. ಸೋಮಣ್ಣ ಅಂತ. ಕಂಪಲಾಪುರದೋರು."

ಯಾಕೆ ಹಾಗೆ ಹೇಳಿದೆನೆಂದು ಅವನಿಗೂ ಗೊತ್ತಾಗಲಿಲ್ಲ. ಆದರೆ ಹೇಳಿದಾಗ ಮನಸ್ಸಿಗೆ ಹಿತವಾಯಿತು.

"ಅಂಗಾದ್ರೆ ಒಂಬತ್ತಡೀದೇ ತಗೊಳ್ಳಿ, ಯೋಚ್ನೆ ಮಾಡ್ಬ್ಯಾಡಿ," ಎಂದ ಚೇತನ್.

ಮಹೇಂದ್ರ ರಾಡನ್ನು ಎರಡು ತುಂಡಾಗಿ ಬಿಚ್ಚಿ ಬೈಕಿನ ಪಕ್ಕಕ್ಕೆ ಕಟ್ಟಿಕೊಂಡು ಮನೆಗೆ ಬಂದ. ಹೆಂಡತಿ ರೂಪಶ್ರೀ ಊರಿನ ಹಾಲಿನ ಡೇರಿಯ ಕಾರ್ಯದರ್ಶಿ. ಸಂಜೆಯ ಹಾಲು ಅಳೆಯಲು ಹೊರಟವಳು, ಅಂಗಳದಲ್ಲಿ ಅವನು ರಾಡು ಜೋಡಿಸುವುದನ್ನು ಕಂಡು ನಿಂತಳು.

"ಸೋಮಣ್ಣೋರು ಬತ್ತಾರಂತಾ?"

"ಯಾಕೆ?"

"ಕೇಳ್ದೆ. ಮೂರ್ ಆಳುದ್ದ ಐತಲ್ಲ ಇದು."

"ಮೂರಾಳಿಲ್ಲ, ಒಂಬತ್ತಡಿ."

"ಎರಡು ವರ್ಷಾಯ್ತು ಕಣ್ರೀ. ಅದೇನ್ ಆಯ್ತು ಅಂತ ನೀವು ಬಾಯ್ ಬುಡ್ಲಿಲ್ಲ, ನಾನೂ ಕೇಳ್ಲಿಲ್ಲ. ಒಂದ್ಸಲಿ ಓಗಿ ಮಾತಾಡ್ಸ್ಕೊಂಡ್ ಬರಬಾರ್ದಾ?"

"ನೋಡಾನ ಬುಡು," ಎಂದು ಅವನು ರಾಡನ್ನು ಬ್ಯಾರನ್ನಿಗೆ ಒಯ್ದ. ಮನೆಯೊಳಗೆ ಅದು ಎಲ್ಲೂ ನಿಲ್ಲುತ್ತಿರಲಿಲ್ಲ. ಖಾಲಿ ಬ್ಯಾರನ್ನಿನ ಗೋಡೆಗೆ ಒರಗಿಸಿ, ಬಾಗಿಲಲ್ಲಿ ಕೂತ. ಸೊಪ್ಪಿನ ಘಾಟು ಇನ್ನೂ ಗೋಡೆಯಲ್ಲಿತ್ತು. ಹೊಸ ರಾಡು ತಂದ ದಿನ ಸೋಮಣ್ಣ ಇದ್ದಿದ್ದರೆ ಮೊದಲು ಮಾಡುತ್ತಿದ್ದ ಕೆಲಸವೆಂದರೆ ರಾಡಿನ ಮೇಲೆ ದಾರ ಹಾಯುವ ಬಳೆಗಳನ್ನು ಒಂದೊಂದಾಗಿ ಹತ್ತಿಯಿಂದ ಉಜ್ಜಿ, ಎಲ್ಲಾದರೂ ಒರಟಿದೆಯೇ ಎಂದು ನೋಡುವುದು. ಮಹೇಂದ್ರ ಒಳಗೆ ಹೋಗಿ ಹತ್ತಿ ತಂದ. ಒಂದೊಂದನ್ನೂ ಉಜ್ಜಿದ. ಎಲ್ಲೂ ಎಳೆ ಸಿಕ್ಕಿಕೊಳ್ಳಲಿಲ್ಲ. ಅದನ್ನು ಹೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಆ ಭಾನುವಾರ ಹಿನ್ನೀರಿಗೆ ಹೋದ. ರಾಡು ಚೇತನ್ ಹೇಳಿದಂತೆಯೇ ಕೆಲಸ ಮಾಡಿತು. ಮರಮೀನು ಹಿಂದೆಂದೂ ಹೋಗದಷ್ಟು ದೂರ ಹೋಗಿ ಬೀಳುತ್ತಿತ್ತು, ಭುಜದಲ್ಲಿ ನೋವಿರಲಿಲ್ಲ. ಅರವತ್ತನೆಯದೋ ಎಪ್ಪತ್ತನೆಯದೋ ಎಸೆತದಲ್ಲಿ, ದಡದಿಂದ ಎರಡು ಮಾರು ದೂರದಲ್ಲಿ, ನೀರು ಒಳಗಿನಿಂದ ಉಬ್ಬಿತು. ರಾಡು ಬುಡದ ತನಕ ಬಾಗಿತು.

ಚಿಕ್ಕ ಮೀನೇನಲ್ಲ, ಆರೇಳು ಕಿಲೋ ಇದ್ದೀತು. ಹತ್ತು ನಿಮಿಷದಲ್ಲಿ ಅದು ಸೋತು ಪಕ್ಕಕ್ಕೆ ಒರಗಿತು. ಕಷ್ಟ ಶುರುವಾದದ್ದೇ ಆಗ. ಬಲಗೈಯಲ್ಲಿ ರಾಡು ಎತ್ತಿ ಹಿಡಿದು ಎಡಗೈಯಲ್ಲಿ ಬಲೆ ಚಾಚಿದರೆ ಮೀನು ಇನ್ನೂ ನಾಲ್ಕಡಿ ಆಚೆ. ರಾಡನ್ನು ಹಿಂದಕ್ಕೆ ಒಯ್ದರೆ ಭುಜ ಹಿಡಿಯಿತು. ದಾರ ಇನ್ನಷ್ಟು ಸುತ್ತೋಣವೆಂದರೆ ಮರಮೀನು ತುದಿಯ ಬಳೆಗೇ ಬಂದು ತಾಕಿತ್ತು. ಹಿಂದಕ್ಕೆ ನಡೆದರೆ ಮೀನು ದಡಕ್ಕೆ ಹತ್ತಿರ ಬರುತ್ತದೆ, ಆದರೆ ತಾನು ನೀರಿನಿಂದ ದೂರ ಹೋಗುತ್ತಾನೆ. ಕೊನೆಗೆ ನೀರಿಗೇ ಇಳಿದ. ಬಲೆಯನ್ನು ಮೀನಿನ ಕೆಳಗೆ ತೂರಿಸಲು ಬಗ್ಗಿದ. ಬಿಸಿಲು ನೀರಿನ ಮೇಲೆ ಬಿದ್ದು ಕಣ್ಣಿಗೆ ಹೊಡೆಯುತ್ತಿತ್ತು. ಮೀನಿನ ತಲೆ ಎಲ್ಲಿ, ಬಾಲ ಎಲ್ಲಿ, ಏನೂ ಕಾಣಲಿಲ್ಲ, ಬರೀ ಹಸಿರು ಮಬ್ಬು. ಬಲೆ ಒಡ್ಡಿದ. ಬಲೆಯ ಬಳೆ ದಾರಕ್ಕೆ ಬಡಿಯಿತು. ಮೀನು ಗಾಳ ಕೊಡವಿಕೊಂಡು ಹೋಯಿತು. ಅವನು ಕಾಲು ಜಾರಿ ಎದೆಮಟ್ಟದ ನೀರಿನಲ್ಲಿ ಕೂತುಬಿಟ್ಟ.

ಎದ್ದು ದಡಕ್ಕೆ ಬಂದು ಅಂಗಿ ಹಿಂಡಿಕೊಳ್ಳುತ್ತ, ಎರಡು ವರ್ಷದ ಹಿಂದೆ ತಾನು ಆಡಿದ ಮಾತನ್ನು ಮೊದಲಿನಿಂದ ಕೊನೆತನಕ ನೆನೆಸಿಕೊಂಡ. ತಾನು ಒಂದು ಸಲ ಮಾಡಲು ಹೋಗಿ ಆಗದ ಕೆಲಸವನ್ನು ಆ ಮನುಷ್ಯ ಹನ್ನೆರಡು ವರ್ಷ ಮಾಡಿದ್ದ, ತಪ್ಪಿದ್ದು ಒಂದೇ ಒಂದು ಸಲ. ಒದ್ದೆ ಬಟ್ಟೆಯಲ್ಲೇ ಗಾಡಿ ಹತ್ತಿದ. ಬಿಳಿಕೆರೆ ದಾಟಿದ, ಹುಣಸೂರು ದಾಟಿದ. ಕಂಪಲಾಪುರ ಮುಟ್ಟುವ ಹೊತ್ತಿಗೆ ಬಟ್ಟೆ ಮೈಮೇಲೇ ಒಣಗಿತ್ತು.

ಅಂಗಡಿಯ ಕೌಂಟರಿನಲ್ಲಿ ಸೋಮಶೇಖರನ ಮಗಳು ಭಾವನಾ ಇದ್ದಳು. ಕಾಲೇಜು ಮುಗಿಸಿದ ಹುಡುಗಿ. ಅವನನ್ನು ಕಂಡು ಎದ್ದು ನಿಂತಳು.

"ಬನ್ನಿ ಮಾಮ. ಎಷ್ಟ್ ದಿನ ಆಗೋಯ್ತು," ಎಂದವಳು, ದನಿ ತಗ್ಗಿಸಿ, "ಅಪ್ಪಂಗೆ ನೀವೇ ಹೆಸರು ಹೇಳಿ ಮಾತಾಡ್ಸಿ. ಇಲ್ದಿದ್ರೆ ಗೊತ್ತಾಗಲ್ಲ," ಎಂದಳು.

"ಯಾಕವ್ವಾ?"

"ನಿಮಗೆ ಗೊತ್ತಿಲ್ವಾ?" ಅವಳು ಅವನ ಮುಖವನ್ನೇ ನೋಡಿದಳು. "ಅಪ್ಪಂಗೆ ಕಣ್ಣು ಕಾಣಲ್ಲ ಮಾಮ. ನರ ಒಣಗಿದೆ ಅಂದ್ರು ಮೈಸೂರಲ್ಲಿ. ಮೂರು ವರ್ಷದಿಂದ ಒಳಗೊಳಗೇ ಹೋಗ್ತಾ ಇತ್ತಂತೆ."

ಅಂಗಡಿಯ ಹಿಂದಿನ ಕೋಣೆಯಲ್ಲಿ ಸೋಮಶೇಖರ್ ಚಾಪೆಯ ಮೇಲೆ ಕೂತು, ಮುಂದೆ ಹರಡಿದ ನಟ್ಟು ಬೋಲ್ಟುಗಳನ್ನು ಬೆರಳಿನಿಂದ ಅಳೆದು ಅಳೆದು ಡಬ್ಬಿಗಳಿಗೆ ಹಾಕುತ್ತಿದ್ದ. ಹಣೆಯ ವಿಭೂತಿ ಅಚ್ಚುಕಟ್ಟಾಗಿತ್ತು. ಮೈ ಇಳಿದಿತ್ತು.

"ಸೋಮಣ್ಣ. ನಾನು, ಮಹೇಂದ್ರ."

ಬೆರಳು ನಿಂತವು. "ಚಪ್ಪಲಿ ಎಳ್ಕೊಂಡು ನಡೆಯೋ ಸದ್ದಿಗೇ ನೀನು ಅನ್ಕೊಂಡೆ," ಎಂದ ಸೋಮಶೇಖರ್. "ಕೂತ್ಕೊ. ಅಲ್ಲಿ ಸ್ಟೂಲ್ ಐತೆ."

ಮಹೇಂದ್ರ ಸ್ಟೂಲಿನ ಮೇಲೆ ಕೂರದೆ ನೆಲದ ಮೇಲೆ ಕೂತ.

"ಎಷ್ಟು ಕಾಣ್ತದಣ್ಣ ಈಗ?"

"ಪೈಪಲ್ಲಿ ನೋಡ್ದಂಗೆ ಕಣಯ್ಯ. ನಡುವೆ ಒಂದಿಷ್ಟು ಬೆಳಕೈತೆ. ಪಕ್ಕದ್ದೆಲ್ಲ ಹೋಯ್ತು. ಇರೋದನ್ನ ಉಳಿಸ್ಕೊಳ್ಳೋಕೆ ದಿನಾ ಡ್ರಾಪ್ಸ್ ಬಿಡ್ತಾಳೆ ಭಾವನಾ."

"ಅವತ್ತೂ..."

"ಹೂಂ. ನೀನು ಎಡಕ್ಕೆ, ಎಡಕ್ಕೆ ಅಂತ ಕೂಗ್ದೆ. ನನ್ನ ಎಡಗಡೆ ಏನೂ ಇರಲಿಲ್ಲ ಕಣಯ್ಯ."

ಹೊರಗೆ ಒಂದು ಲಾರಿ ಹೋಯಿತು. ಮಹೇಂದ್ರ ಚಾಪೆಯಾಚೆ ಉರುಳಿದ್ದ ನಟ್ಟೊಂದನ್ನು ಎತ್ತಿ ಸೋಮಣ್ಣನ ಮುಂದಿಟ್ಟ.

"ಯಾಕಣ್ಣ ಯೋಳ್ಲಿಲ್ಲ?"

"ಹೇಳಿದ್ರೆ ನೀನು ದಡದ ಮೇಲೆ ಕೂರಿಸ್ತಿದ್ದೆ. ನಂಗೆ ಬಲೆ ಹಿಡೀಬೇಕಿತ್ತು." ಸೋಮಶೇಖರ್ ಒಂದು ಬೋಲ್ಟನ್ನು ತಿರುಗಿಸುತ್ತ ಹೇಳಿದ. "ಇನ್ನೂ ಒಂದು ಸೀಸನ್ ನಡೆದೀತು ಅನ್ಕೊಂಡಿದ್ದೆ."

"ಅವತ್ತು ನಾನ್ ಆಡಿದ್ ಮಾತು ತಪ್ಪಾಯ್ತಣ್ಣ."

"ತಪ್ಪೇ. ಬೇಜಾರಾಗ್ಲಿಲ್ಲ ಅಂತ ನಾನು ಸುಳ್ಳು ಹೇಳಲ್ಲ. ಒಂದ್ ವರ್ಷ ಇತ್ತು ಮನಸಲ್ಲಿ. ಆಮೇಲೆ ಕಣ್ಣಿಂದೇ ದೊಡ್ಡದಾಗಿ ಅದು ಹಿಂದಾಯ್ತು. ನೀನೊಂದು ಫೋನ್ ಮಾಡ್ಬೋದಿತ್ತು."

"ಮಾಡ್ಬೋದಿತ್ತು."

"ನಾನೂ ಮಾಡ್ಬೋದಿತ್ತು, ಬಿಡು."

ಭಾವನಾ ಕಾಫಿ ತಂದಿಟ್ಟಳು. "ಮಾಮನ ಗಾಡೀಲಿ ಏನೋ ಉದ್ದುದ್ದ ಕಟ್ಟವ್ರೆ ಅಪ್ಪ," ಎಂದಳು. ಸೋಮಶೇಖರ್ ತಲೆ ಎತ್ತಿದ. "ರಾಡಾ? ತಗೊಂಬಾ."

ಕೋಣೆಯಲ್ಲಿ ಜೋಡಿಸಲಾಗದೆ ಹಿತ್ತಿಲಿಗೆ ಒಯ್ದರು. ಸೋಮಶೇಖರ್ ಬುಡದಿಂದ ತುದಿಯವರೆಗೆ ಬೆರಳಾಡಿಸುತ್ತ ನಡೆದ. ಬಳೆಗಳನ್ನು ಎಣಿಸಿದ. ತುದಿಯನ್ನು ಭಾವನಾಳ ಕೈಗೆ ಕೊಟ್ಟು ಎಳೆ ಎಂದ. ಎಲ್ಲಿಂದ ಬಾಗುತ್ತದೆಂದು ಅಂಗೈಯಲ್ಲಿ ಹಿಡಿದು ನೋಡಿದ. ಆ ಎರಡು ನಿಮಿಷ ಅವನು ಮೊದಲಿನ ಸೋಮಣ್ಣನೇ ಆಗಿದ್ದ.

"ಒಳ್ಳೆ ಮಾಲು. ಎಷ್ಟು, ಒಂಬತ್ತಡೀನಾ? ಭುಜಕ್ಕೆ ಅಂತ ತಗೊಂಡ್ಯಾ?"

"ಊಂ."

"ಮೀನ್ ಬಿತ್ತಾ?"

"ಇವತ್ತು ಒಂದು ಬಿದ್ದಿತ್ತು. ಬಲೆಗಾಕಾಕೆ ಓಗಿ ಕಳ್ಕೊಂಡೆ."

"ಕಳ್ಕೊಳ್ಳದೆ ಇನ್ನೇನು. ಇದು ಇಬ್ರು ಇರೋರ ರಾಡು."

ಮಹೇಂದ್ರ ಕೂಡಲೇ ಹೇಳಿದ. "ಬಾರಣ್ಣ ನೀನು. ನಾನೇ ಇಲ್ಲೀಗಂಟ ಬಂದು ಕರ್ಕೊಂಡೋಯ್ತೀನಿ, ನಾನೇ ತಂದು ಬುಡ್ತೀನಿ. ಬಲೆ ಇಡಿಯೋದ್ ಬ್ಯಾಡ. ಸುಮ್ಕೆ ಕೂತಿರು ಸಾಕು."

ಸೋಮಶೇಖರ್ ರಾಡನ್ನು ಗೋಡೆಗೆ ಒರಗಿಸಲು ತಡಕಾಡಿದ. ಭಾವನಾ ತೆಗೆದುಕೊಂಡಳು.

"ಹೋದ ವರ್ಷ ಇವಳು ನಮ್ಮೂರ ಕೆರೆ ಏರಿ ಮೇಲೆ ಕರ್ಕೊಂಡು ಹೋಗಿದ್ಲು," ಎಂದ. "ಮೀನು ಮೇಲಕ್ಕೆ ಬಂದು ಹೊಡೀತು, ಹತ್ರದಲ್ಲೇ. ಎಂಥ ಸದ್ದು ಅಂತೀಯ. ನಾನು ಈ ಕಡೆ ತಿರುಗ್ತೀನಿ, ಆ ಕಡೆ ತಿರುಗ್ತೀನಿ, ಅದಿರೋ ಜಾಗ ಸಿಗ್ತಾನೇ ಇಲ್ಲ. ಮನೆಗೆ ಬಂದು ಎರಡು ದಿನ ಊಟ ಸೇರಲಿಲ್ಲ. ನನ್ನ ಕೈಲಾಗಲ್ಲ ಕಣಯ್ಯ. ಕರೀಬೇಡ."

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಮಹೇಂದ್ರ ಮತ್ತೆ ಕರೆಯಲಿಲ್ಲ.

ಸೋಮಶೇಖರ್, "ಇಲ್ಲಿ ಬಾ, ನಿಂತ್ಕೊ" ಎಂದ. ಅವನ ಬಲಭುಜದ ಮೇಲೆ ಕೈಯಿಟ್ಟು, "ಎತ್ತು, ಇನ್ನೂ ಎತ್ತು" ಎಂದು, ಎಲ್ಲಿ ಕಟಕ್ಕೆನ್ನುತ್ತದೆಂದು ಬೆರಳಿನಲ್ಲಿ ಹುಡುಕಿದ. ಮೊಣಕೈಯಿಂದ ಅಂಗೈಯವರೆಗೆ ಗೇಣು ಹಾಕಿದ.

"ಇದನ್ನ ವಾಪಸ್ ಕೊಡು. ಏಳೂವರೆ ಅಡೀದು ತಗೋ. ಬರೀ ಉದ್ದ ನೋಡ್ಬೇಡ, ಹಿಡಿ ನೋಡು. ರೀಲಿನಿಂದ ಹಿಂದಕ್ಕೆ ಎರಡು ಗೇಣು ಇರ್ಬೇಕು, ನಿನ್ನ ಮೊಣಕೈ ದಾಟಿ ಕಂಕುಳಿಗೆ ಸಿಗ್ಬೇಕು. ತಲೆ ಮೇಲಿಂದ ಬೀಸೋದು ಇವತ್ತಿಗೆ ಬಿಟ್ಬಿಡು. ಎರಡೂ ಕೈಲಿ ಪಕ್ಕದಿಂದ ಬೀಸು, ಸೊಂಟ ತಿರುಗ್ಲಿ. ದೂರ ಹೋಗಲ್ಲ. ಹೋಗ್ಬೇಕಾಗೂ ಇಲ್ಲ, ಮೀನು ದಡದಲ್ಲೇ ಇರ್ತವೆ. ಬಲೇನೂ ಬೇಡ ನಿಂಗೆ. ದಪ್ಪ ಕೈಗವಸು ಹಾಕ್ಕೊ. ಕೆಳದವಡೆ ಹಿಡ್ಕೊಂಡು ಎಳ್ಕೊ."

"ಸರಿ ಅಣ್ಣ."

"ಮರಮೀನು ಎಷ್ಟು ಉಳಿದವೆ?"

"ನಾಕು."

"ಹೋಗ್ಸ್ಕೊಬೇಡ. ಇನ್ನು ನಂಗೆ ಮಾಡೋಕಾಗಲ್ಲ."

ಬುಧವಾರ ಹುಣಸೂರಿಗೆ ಹೋದಾಗ ಚೇತನ್ ಒಂಬತ್ತು ಅಡಿಯ ರಾಡಿನ ಬುಡದಲ್ಲಿದ್ದ ಗೀರನ್ನು ಹೆಬ್ಬೆರಳಿನಿಂದ ಸವರಿ ನೋಡಿದ. "ಸೋಮಣ್ಣೋರು ಬರಲ್ವಂತಾ?" ಎಂದ. "ಬರಲ್ಲ," ಎಂದ ಮಹೇಂದ್ರ. ಚೇತನ್ ಅದನ್ನು ಗೋಡೆಗೆ ನೇತುಹಾಕಿ ಗಿಡ್ಡದ್ದನ್ನು ಇಳಿಸಿದ. ಮಹೇಂದ್ರ ಹಿಡಿಯನ್ನು ಗೇಣು ಹಾಕಿ ಅಳೆದ. ಅರ್ಧ ಗೇಣು ಕಡಿಮೆ ಬಿತ್ತು. ಚೇತನ್ ಗೋಡೌನಿನಿಂದ ಇನ್ನೆರಡು ತಂದ. ಎರಡನೆಯದರ ಹಿಡಿ ಕಂಕುಳಿಗೆ ಸರಿಯಾಗಿ ಕೂತಿತು. ಬಣ್ಣ ಮಾಸಿದ್ದ, ಯಾರೂ ಕೇಳದೆ ವರ್ಷಗಟ್ಟಲೆ ಮೂಲೆಯಲ್ಲಿದ್ದ ರಾಡು ಅದು.

ಪಕ್ಕದಿಂದ ಬೀಸುವುದನ್ನು ಕಲಿಯಲು ಡಿಸೆಂಬರ್ ಪೂರ್ತಿ ಬೇಕಾಯಿತು. ರಾಗಿ ಕೊಯ್ದ ಹೊಲದಲ್ಲಿ, ಗಾಳ ಬಿಚ್ಚಿದ ಮರಮೀನು ಕಟ್ಟಿಕೊಂಡು ಸಂಜೆ ಸಂಜೆ ಎಸೆದ. ಮೊದಮೊದಲು ಅದು ಬದುವಿಗೆ, ಬೇಲಿಗೆ, ಒಂದು ಸಲ ತಿಪ್ಪೆಗೆ ಹೋಗಿ ಬಿತ್ತು. ದಾರ ರೀಲಿನಲ್ಲಿ ಹಕ್ಕಿಗೂಡಿನಂತೆ ಗೋಜಲಾಗುತ್ತಿತ್ತು; ಕೂತು ಬಿಡಿಸುತ್ತಿದ್ದ. ಭಾನುವಾರ ಹಿನ್ನೀರಿಗೆ ಹೋಗಿ ಬರಿಗೈಯಲ್ಲಿ ಬರುತ್ತಿದ್ದ. ರೂಪಶ್ರೀ ಪ್ರತಿ ಸಲವೂ ಬುತ್ತಿ ಕಟ್ಟಿಕೊಡುತ್ತಿದ್ದಳು. ಸೋಮಣ್ಣನ ಕಣ್ಣಿನ ವಿಷಯ ಹೇಳಿದ ದಿನ ಅವಳು ಅತ್ತಿದ್ದಳು. ಅವನೇ ಅತ್ತಿರಲಿಲ್ಲ.

ಜನವರಿಯ ಮೂರನೇ ಭಾನುವಾರ ಮಂಜು ಇನ್ನೂ ನೀರಿನ ಮೇಲಿರುವಾಗಲೇ ಮೀನು ಬಿತ್ತು. ಮರಮೀನು ಕಾಲಬುಡಕ್ಕೆ ಬಂದಿತ್ತು. ಎತ್ತುವ ಮೊದಲು ಸುಮ್ಮನೆ ಒಂದು ಸುತ್ತು ತಿರುಗಿಸಿದ. ಮೀನು ನೀರಿನಡಿಯ ನೆಲದಿಂದಲೇ ಎದ್ದು ಬಂದಂತೆ ಬಂದು ಬಾಯಿ ಹಾಕಿತು. ಹಿಡಿಯನ್ನು ಕಂಕುಳಿಗೆ ಒತ್ತಿಕೊಂಡು, ಭುಜ ಅಲುಗಿಸದೆ, ಸೊಂಟದಿಂದ ತಡೆದ. ಎರಡು ಸಲ ಆಳಕ್ಕೆ ಓಡಿತು, ಎರಡು ಸಲವೂ ತಂದ. ಸೋತು ಪಕ್ಕಕ್ಕೆ ಒರಗಿದಾಗ ಮಂಡಿಯೂರಿ ಕೂತ. ರಾಡಿನ ತುದಿ ತಲೆಯ ಹಿಂದೆ ಹೋಯಿತು, ಮೀನು ಮೊಣಕಾಲಿಗೇ ಬಂತು. ಕೈಗವಸಿನ ಕೈಯನ್ನು ನೀರಿಗೆ ಇಳಿಸಿ ಕೆಳದವಡೆಯನ್ನು ಹಿಡಿದ. ಹಲ್ಲು ಗವಸಿನ ಚರ್ಮವನ್ನು ಕಚ್ಚಿ ನಿಂತವು. ಎಳೆದ. ಬಂತು.

ಹುಲ್ಲಿನ ಮೇಲೆ ಅದು ಉದ್ದಕ್ಕೆ ಬಿದ್ದಿತ್ತು, ಬೆನ್ನು ಹಸಿರು, ಹೊಟ್ಟೆ ಬೆಳ್ಳಿ. ಗೇಣು ಹಾಕಿದ: ಐದು, ಮತ್ತೆ ನಾಲ್ಕು ಬೆರಳು. ಕೈ ಒರೆಸಿಕೊಂಡು ಫೋನ್ ಮಾಡಿದ.

"ಅಣ್ಣ, ಬಿತ್ತು."

"ಯಾವ ಮರಮೀನಿಗೆ?" ಎಂದಿತು ಸೋಮಶೇಖರನ ದನಿ.

"ಎರಡ್ ತುಂಡು ಜೋಡ್ಸಿರೋದು, ಬೆನ್ನು ಕೆಂಪಿರ್ತದಲ್ಲ, ಅದುಕ್ಕೆ."

"ಎಲ್ಲಿ ಹೊಡೀತು? ದೂರಾನಾ, ದಡದಲ್ಲಾ?"

"ಕಾಲತ್ರಾನೆ."

"ಉದ್ದ?"

ಹೇಳಿದ. ದವಡೆ ಹಿಡಿದದ್ದನ್ನು, ಹಿಡಿ ಕಂಕುಳಿಗೆ ಕೂತದ್ದನ್ನು, ಎಲ್ಲವನ್ನೂ ಹೇಳಿದ. ಸೋಮಶೇಖರ್ ಹೂಂ, ಹೂಂ ಎನ್ನುತ್ತ ಕೇಳಿದ. ನೀರು ತಿಳಿಯಿತ್ತೇ ಎಂದು ಕೇಳಿದ. ಮಂಜಿದೆ ಎಂದ ಮಹೇಂದ್ರ. ಆ ಕಡೆ ಯಾರೋ ಬ್ರೇಕ್ ಶೂ ಕೇಳುತ್ತಿದ್ದರು.

"ಗಿರಾಕಿ ಬಂದವ್ರೆ. ಇಡ್ಲಾ?" ಎಂದ ಸೋಮಶೇಖರ್. "ಸರಿಯಾಗಿ ಮಾಡ್ದೆ ಕಣಯ್ಯ."

ಮಹೇಂದ್ರ ಫೋನನ್ನು ಜೇಬಿಗಿಟ್ಟ. ಮೀನನ್ನು ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಿಗೆ ಇಟ್ಟು, ಕೈ ತೊಳೆದುಕೊಂಡು, ರೂಪಶ್ರೀ ಕಟ್ಟಿಕೊಟ್ಟ ರೊಟ್ಟಿ ತಿಂದ. ಗಂಟೆ ಇನ್ನೂ ಎಂಟಾಗಿರಲಿಲ್ಲ. ಮಂಜು ನಿಧಾನವಾಗಿ ಏಳುತ್ತಿತ್ತು, ಆಚೆ ದಡದಲ್ಲಿ ಯಾರೋ ಎಮ್ಮೆಗಳನ್ನು ನೀರಿಗೆ ಇಳಿಸುತ್ತಿದ್ದರು. ಇಡೀ ಭಾನುವಾರ ಮುಂದಿತ್ತು. ಇನ್ನೊಂದು ಮೀನು ಅವನಿಗೆ ಬೇಕಿರಲಿಲ್ಲ. ಆದರೂ ಎದ್ದು, ಗಾಳದ ಮೊನೆಗಳನ್ನು ಉಗುರಿನ ಮೇಲೆ ಒರೆದು ನೋಡಿ, ನೀರಿನಂಚಿಗೆ ಹೋಗಿ ನಿಂತು, ಎರಡೂ ಕೈಯಲ್ಲಿ ಪಕ್ಕದಿಂದ ಬೀಸಿದ.